ಮುಖವಾಡವಲ್ಲ, ವಿಷವೇ ಹೋಗಬೇಕು

ಪ್ಲಾಸ್ಟಿಕ್ಕಿನ ವಿಷಯವಾಗಿ ಈಗ ಎಲ್ಲೆಲ್ಲೂ ಮಾತು ನಡೆದಿದೆ. ಚರಂಡಿ ಕಟ್ಟಿತು, ದನ ತಿಂದು ಸತ್ತಿತು, ಸಮುದ್ರದ ಮೀನಿನ ಹೊಟ್ಟೆಯೊಳಗೂ ಸಿಕ್ಕಿತು ಎಂದು ದಿನವೂ ಓದುತ್ತೇವೆ. 2005ರ ಜುಲೈ 26ರ ಮಹಾವೃಷ್ಟಿಯಲ್ಲಿ ಮುಂಬಯಿ ಮುಳುಗಿದಾಗ ತೆಳು ಚೀಲಗಳ ಮೇಲೆ ದೋಷ ಬಂದಿತು. 2018ರಲ್ಲಿ ಮಹಾರಾಷ್ಟ್ರ ಸರಕಾರವು ಅಂಥ ಚೀಲಗಳನ್ನೂ, ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟಗಳನ್ನೂ ನಿಷೇಧಿಸಿತು. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಇವೆಲ್ಲವೂ ಪ್ಲಾಸ್ಟಿಕ್ಕನ್ನು ಬಳಸಿ ಎಸೆದ ಮೇಲಿನ ಮಾತುಗಳು. ಅದು ಹುಟ್ಟುವ ಮನೆಯಲ್ಲಿ ಏನು ನಡೆಯುತ್ತದೆ, ಅದನ್ನು ಹುಟ್ಟಿಸುವ ಕೂಲಿಕಾರನ ಎದೆಯೊಳಕ್ಕೆ ಏನು ಹೋಗುತ್ತದೆ ಎಂಬ ಮಾತನ್ನು ಎತ್ತುವವರು ಕಡಿಮೆ. ಕೂಲಿಕಾರರ ಪತ್ರಿಕೆಯಾದ ನಾವೇ ಎತ್ತದಿದ್ದರೆ ಇನ್ನಾರು ಎತ್ತಬೇಕು?

ಈ ಮಾತು ನಮಗೆ ದೂರದ್ದಲ್ಲ. ಗಿರಣಿಗಳ ಭೋಂಗಾ ನಿಂತುಹೋದ ಮೇಲೆ ಗಿರಣಿಯವರ ಮಕ್ಕಳು ಎಷ್ಟೋ ಮಂದಿ ರಸಾಯನದ, ಬಣ್ಣದ, ಪ್ಲಾಸ್ಟಿಕ್ಕಿನ ಕಾರಖಾನೆಗಳ ಬಾಗಿಲಲ್ಲಿ ನಿಂತಿದ್ದಾರೆ. ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದ ಹುಡುಗನೂ ನಾಳೆ ಅಲ್ಲಿಗೇ ಅರ್ಜಿ ಹಾಕುತ್ತಾನೆ. ಆದುದರಿಂದ ಆ ಕಾರಖಾನೆಯ ಪಾತ್ರೆಯಲ್ಲಿ ಏನು ಬೇಯುತ್ತಿದೆ ಎಂಬುದನ್ನು ತಿಳಿಯುವುದು ನಮ್ಮ ಮನೆಯ ಕೆಲಸ.

ಒಂದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೋಟೆಲುಗಳಲ್ಲಿ ನಮ್ಮ ಹುಡುಗರು ಹೆಗಲ ಮೇಲೆ ಹೊತ್ತು ತರುವ ಇಪ್ಪತ್ತು ಲೀಟರಿನ ನೀಲಿ ನೀರಿನ ಜಾಡಿಯನ್ನು ಎಲ್ಲರೂ ಕಂಡಿದ್ದೀರಿ. ಗಾಜಿನಂತೆ ಪಾರದರ್ಶಕ, ಕೆಳಗೆ ಬಿದ್ದರೂ ಒಡೆಯದು. ಅಂಥ ಜಾಡಿಗಳಲ್ಲಿ ಅನೇಕವು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನವು. ತಳದಲ್ಲಿ ತ್ರಿಕೋನದೊಳಗೆ 7 ಎಂಬ ಅಂಕಿಯೂ, ಪಿಸಿ ಎಂಬ ಅಕ್ಷರಗಳೂ ಇದ್ದರೆ ಅದೇ ಎಂದು ತಿಳಿಯಬಹುದು. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಎಂಬವರೂ, ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿಯ ಡೇನಿಯಲ್ ಫಾಕ್ಸ್ ಎಂಬವರೂ ಒಬ್ಬರಿಗೊಬ್ಬರು ತಿಳಿಯದಂತೆ ಇದನ್ನು ಕಂಡುಹಿಡಿದರು. ಇಂದು ವಾಹನದ ದೀಪದ ಮುಚ್ಚಳ, ಕನ್ನಡಕದ ಗಾಜು, ಛಾವಣಿಯ ತಗಡು ಎಲ್ಲಕ್ಕೂ ಇದು ಬೇಕು.

ಇದನ್ನು ಮಾಡುವ ಹಳೆಯ ವಿಧಾನ ಹೀಗಿದೆ. ಬಿಸ್ಫಿನಾಲ್-ಎ ಎಂಬ ಪುಡಿಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕರಗಿಸುತ್ತಾರೆ. ಅದಕ್ಕೆ ಮೆಥಿಲೀನ್ ಕ್ಲೋರೈಡ್ ಎಂಬ ದ್ರವವನ್ನು ಕೂಡಿಸಿ ಕದಡುತ್ತ ಫಾಸ್ಜೀನ್ ಎಂಬ ವಾಯುವನ್ನು ಬಿಡುತ್ತಾರೆ. ಪ್ಲಾಸ್ಟಿಕ್ ಆಗುತ್ತದೆ, ಜೊತೆಗೆ ಉಪ್ಪು ನೀರು ರಾಶಿ ರಾಶಿಯಾಗಿ ಹೊರಬೀಳುತ್ತದೆ. ಆ ಮೆಥಿಲೀನ್ ಕ್ಲೋರೈಡೂ ಕೂಲಿಕಾರನ ನರಕ್ಕೂ ಯಕೃತ್ತಿಗೂ ಒಳ್ಳೆಯದಲ್ಲ. ಆದರೆ ಇವುಗಳಲ್ಲಿ ಮುಖ್ಯನಾದ ಖಳನೆಂದರೆ ಫಾಸ್ಜೀನು.

ಫಾಸ್ಜೀನ್ ಎಂದರೇನು? 1914ರಿಂದ 1918ರ ವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದ ಸತ್ತ ಸೈನಿಕರಲ್ಲಿ ಹೆಚ್ಚಿನವರನ್ನು ಕೊಂದುದು ಇದೇ. ಅದರ ವಾಸನೆ ಹೊಸದಾಗಿ ಕೊಯ್ದ ಹುಲ್ಲಿನಂತೆ. ಹಳ್ಳಿಯಿಂದ ಬಂದವನಿಗೆ ಊರಿನ ನೆನಪಾದೀತೇ ಹೊರತು ಸಾವಿನ ನೆನಪಾಗದು. ಅದರ ಕಪಟ ಇನ್ನೂ ದೊಡ್ಡದು. ಕುಡಿದವನಿಗೆ ಮೊದಲು ಸ್ವಲ್ಪ ಕೆಮ್ಮು ಬಂದು ನಿಂತುಹೋಗುತ್ತದೆ. ಏನೂ ಆಗಲಿಲ್ಲವೆಂದು ಅವನು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಎಷ್ಟೋ ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನೆಲದ ಮೇಲೇ ಮುಳುಗಿದವನಂತೆ ಉಸಿರುಕಟ್ಟಿ ಸಾಯುತ್ತಾನೆ. ಯುದ್ಧದಲ್ಲಿ ಶತ್ರುವಿಗೆಂದು ಇಟ್ಟುದನ್ನು ಶಾಂತಿಕಾಲದಲ್ಲಿ ಕೂಲಿಕಾರನ ಪಕ್ಕದಲ್ಲಿ ಇಟ್ಟಿದ್ದಾರೆ.

ಈ ವಾಯುವಿನ ಪರಿಚಯ ನಮ್ಮ ದೇಶಕ್ಕೆ ಚೆನ್ನಾಗಿ ಆಗಿದೆ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರಖಾನೆ ಪ್ಲಾಸ್ಟಿಕ್ಕಿನದಲ್ಲ, ಕೀಟನಾಶಕದ್ದು. ಆದರೆ ಅಲ್ಲಿಯೂ ಮೂಲದಲ್ಲಿ ಇದ್ದುದು ಇದೇ ಫಾಸ್ಜೀನು. ಇದರಿಂದಲೇ ಮಿಥೈಲ್ ಐಸೊಸಯನೇಟ್ ಎಂಬ ಇನ್ನೊಂದು ವಿಷವನ್ನು ಮಾಡಿ ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. 1984ರ ಡಿಸೆಂಬರ್ 2-3ರ ನಡುರಾತ್ರಿ ಆ ತೊಟ್ಟಿಯೊಂದರಿಂದ ಸುಮಾರು 40 ಟನ್ ವಿಷ ಹೊರಬಿದ್ದಿತು. ಸರಕಾರ ಮೊದಲು ಹೇಳಿದ ಸಾವಿನ ಲೆಕ್ಕ 2,259; ಆಮೇಲೆ ರಾಜ್ಯ ಸರಕಾರ ಒಪ್ಪಿಕೊಂಡದ್ದು 3,787. ಸತ್ತವರು ಅದಕ್ಕಿಂತ ಬಹಳ ಹೆಚ್ಚೆಂದು ಭೋಪಾಲದ ಜನ ಇಂದಿಗೂ ಹೇಳುತ್ತಾರೆ. ನೊಂದವರ ಸಂಖ್ಯೆ ಐದು ಲಕ್ಷ ಮೀರಿತು. ಆ ಹಾಳು ಕಾರಖಾನೆಯ ಅಂಗಳದಲ್ಲಿ ಉಳಿದ 337 ಟನ್ ವಿಷದ ಕಸವನ್ನು ಅಲ್ಲಿಂದ ಎತ್ತಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ಮೇಲೆ.

ಆ ರಾತ್ರಿಯ ಕಥೆಯನ್ನು ಎಲ್ಲರೂ ಬಲ್ಲರು. ಅದರ ಹಿಂದಿನದನ್ನು ಬಲ್ಲವರು ಕಡಿಮೆ. 1981ರ ಡಿಸೆಂಬರಿನಲ್ಲಿ ಅದೇ ಕಾರಖಾನೆಯ ಒಬ್ಬ ಕೂಲಿಕಾರ ಫಾಸ್ಜೀನ್ ಸೋಂಕಿ ಸತ್ತನು. ಮುಂದಿನ ತಿಂಗಳಲ್ಲೇ ಮತ್ತೆ ಫಾಸ್ಜೀನ್ ಸೋರಿ ಇಪ್ಪತ್ತಕ್ಕೂ ಹೆಚ್ಚು ಕೂಲಿಕಾರರು ಆಸ್ಪತ್ರೆ ಸೇರಿದರು. ಊರು ಜ್ವಾಲಾಮುಖಿಯ ಬಾಯಲ್ಲಿದೆ ಎಂದು 1982ರಲ್ಲಿ ರಾಜಕುಮಾರ ಕೇಸ್ವಾನಿ ಎಂಬ ಪತ್ರಕರ್ತರು ತಮ್ಮ ಚಿಕ್ಕ ಹಿಂದಿ ವಾರಪತ್ರಿಕೆಯಲ್ಲಿ ಎಚ್ಚರಿಸಿದರು. ಯಾರೂ ಕಿವಿಗೊಡಲಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಅಲ್ಲಿ ಅದಕ್ಕೂ ಬಾಗಿಲಿರಲಿಲ್ಲ. ಗಮನಿಸಬೇಕಾದುದಿಷ್ಟು: ಊರು ಸಾಯುವುದಕ್ಕೆ ಮೂರು ವರ್ಷ ಮೊದಲೇ ಒಬ್ಬ ಕೂಲಿಕಾರ ಸತ್ತಿದ್ದನು. ವಿಷ ಯಾವಾಗಲೂ ಮೊದಲು ಬಾಗಿಲು ತಟ್ಟುವುದು ಕೂಲಿಕಾರನ ಮನೆಯದು.

ಅದು ಹಳೆಯ ಮಾತಾಯಿತು ಎಂದು ಯಾರಾದರೂ ಹೇಳಿಯಾರು. 2016ರಲ್ಲಿ ಗುಜರಾತಿನ ದಹೇಜಿನ ಬಳಿ, ಹಾಸಿಗೆ ದಿಂಬಿನ ಫೋಮಿಗೆ ಬೇಕಾದ ರಸಾಯನವನ್ನು ಮಾಡುವ ಕಾರಖಾನೆಯೊಂದರಲ್ಲಿ ಫಾಸ್ಜೀನ್ ಸೋರಿ ನಾಲ್ವರು ಕೂಲಿಕಾರರು ಸತ್ತರು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಎಂಬ ಪ್ಲಾಸ್ಟಿಕ್ ಕಾರಖಾನೆಯ ತೊಟ್ಟಿಯಲ್ಲಿ ತುಂಬಿಟ್ಟಿದ್ದ ಸ್ಟೈರೀನ್ ಕಾದು ಆವಿಯಾಗಿ ಊರ ಮೇಲೆ ಹಬ್ಬಿತು. ಹನ್ನೆರಡು ಜನ ಸತ್ತರು. ಇವು ಮೂರೂ ಬೇರೆ ಬೇರೆ ಊರು, ಬೇರೆ ಬೇರೆ ಸರಕು. ಆದರೆ ಪಾಠ ಒಂದೇ. ಎಲ್ಲಿ ವಿಷವಿದೆಯೋ ಅಲ್ಲಿ ಒಂದಲ್ಲ ಒಂದು ದಿನ ಅದು ಹೊರಬೀಳುತ್ತದೆ.

ಇದಕ್ಕೆ ಮಾಲೀಕರ ಉತ್ತರವೇನು? ಮುಖವಾಡ ಕೊಟ್ಟಿದ್ದೇವೆ, ಕೈಚೀಲ ಕೊಟ್ಟಿದ್ದೇವೆ, ಗೋಡೆಯ ಮೇಲೆ ಎಚ್ಚರಿಕೆಯ ಫಲಕ ಬರೆಸಿದ್ದೇವೆ ಎನ್ನುತ್ತಾರೆ. ಅಪಘಾತವಾದರೆ, ಅವನು ಮುಖವಾಡ ಹಾಕಿರಲಿಲ್ಲ ಎಂಬುದು ಸಿದ್ಧವಾದ ಉತ್ತರ. ಈ ಉತ್ತರದ ಬೆಲೆ ನಮ್ಮ ಗಿರಣಿಯ ಹಿರಿಯರಿಗೆ ಗೊತ್ತು. ಹತ್ತಿ ಹಿಂಜುವ ಖಾತೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿದವರು ಅವರು. ಆ ಸೆಕೆಯಲ್ಲಿ, ಆ ಸದ್ದಿನಲ್ಲಿ, ಎಂಟು ಗಂಟೆ ಬಟ್ಟೆ ಕಟ್ಟಿಕೊಂಡು ಉಸಿರಾಡಲು ಯಾರಿಗೆ ಸಾಧ್ಯ? ಬಟ್ಟೆ ಕಟ್ಟಿಯೂ ಧೂಳು ಎದೆಗೆ ಹೋಯಿತು. ರಜೆ ಮುಗಿಸಿ ಬಂದ ದಿನ ಎದೆ ಬಿಗಿಯುವ ಆ ಬೇನೆಯನ್ನು ಅವರು ಮುದಿತನದ ತನಕ ಹೊತ್ತರು. ಧೂಳು ಕಡಿಮೆಯಾಗುವುದು ಅದನ್ನು ಯಂತ್ರದ ಬಾಯಲ್ಲೇ ಹೀರಿ ತೆಗೆದಾಗ. ಮೂಗಿಗೆ ಕಟ್ಟಿದ ಬಟ್ಟೆ ಮಾಲೀಕನ ಮನಸ್ಸಾಕ್ಷಿಗೆ ಕಟ್ಟಿದ ಬಟ್ಟೆ.

ಇದೇ ತತ್ತ್ವವನ್ನು ಇಂಗ್ಲೆಂಡಿನ ರಸಾಯನ ಕಾರಖಾನೆಗಳಲ್ಲಿ ಬಹುಕಾಲ ದುಡಿದ ಟ್ರೆವರ್ ಕ್ಲೆಟ್ಸ್ ಎಂಬ ಎಂಜಿನಿಯರರು ಹೇಳಿಟ್ಟಿದ್ದಾರೆ. 1974ರ ಜೂನ್ 1ರಂದು ಫ್ಲಿಕ್ಸ್‌ಬರೊ ಎಂಬಲ್ಲಿ, ನೈಲಾನಿಗೆ ಬೇಕಾದ ಮೂಲವಸ್ತುವನ್ನು ಮಾಡುವ ಕಾರಖಾನೆ ಸಿಡಿದು 28 ಮಂದಿ ಸತ್ತರು. ಕೆಲವು ವರ್ಷಗಳಲ್ಲೇ ಕ್ಲೆಟ್ಸರು ಮುಂದಿಟ್ಟ ವಾದ ಬಹಳ ಸರಳವಾದುದು: ಇಲ್ಲದ ವಸ್ತು ಸೋರಲಾರದು. ಬೀಗದ ಮೇಲೆ ಬೀಗ ಹಾಕುವುದಕ್ಕಿಂತ ಹುಲಿಯನ್ನೇ ಮನೆಯೊಳಗೆ ತರದಿರುವುದು ಜಾಣತನ. 1998ರಲ್ಲಿ ಪಾಲ್ ಅನಸ್ತಸ್, ಜಾನ್ ವಾರ್ನರ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಹಸುರು ರಸಾಯನಶಾಸ್ತ್ರದ ಹನ್ನೆರಡು ಸೂತ್ರಗಳನ್ನು ಬರೆದರು. ಅವುಗಳ ತಿರುಳೂ ಇದೇ: ಕಸವಾದ ಮೇಲೆ ತೊಳೆಯುವುದಲ್ಲ, ಕಸವೇ ಆಗದಂತೆ ಮಾಡುವುದು, ವಿಷವನ್ನು ಕಾಯುವುದಲ್ಲ, ವಿಷ ಬೇಡದ ದಾರಿಯನ್ನು ಹುಡುಕುವುದು.

ಹಾಗಾದರೆ ಫಾಸ್ಜೀನ್ ಇಲ್ಲದೆ ಆ ನೀರಿನ ಜಾಡಿಯ ಪ್ಲಾಸ್ಟಿಕ್ಕನ್ನು ಮಾಡಲು ಬರುತ್ತದೆಯೇ? ಬರುತ್ತದೆ. ಇದು ಕನಸಲ್ಲ, ಪ್ರಯೋಗಶಾಲೆಯ ಆಟವೂ ಅಲ್ಲ. ಜಪಾನಿನ ಅಸಾಹಿ ಕಾಸೈ ಕಂಪನಿಯವರು ಕಂಡುಕೊಂಡ ವಿಧಾನದಿಂದ 2002ರಲ್ಲಿ ತೈವಾನಿನಲ್ಲಿ ವರ್ಷಕ್ಕೆ 50,000 ಟನ್ನಿನ ಕಾರಖಾನೆ ನಡೆಯತೊಡಗಿತು. ಆಮೇಲೆ ಕೊರಿಯಾ, ಸೌದಿ ಅರೇಬಿಯಾ, ರಷ್ಯಾ ದೇಶಗಳಿಗೂ ಆ ವಿಧಾನ ಹೋಯಿತು.

ಅದರ ಕ್ರಮವನ್ನು ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇವೆ. ಹಳೆಯ ವಿಧಾನದಲ್ಲಿ ಪ್ಲಾಸ್ಟಿಕ್ಕಿಗೆ ಬೇಕಾದ ಇಂಗಾಲದ ತುಣುಕನ್ನು ಹೊತ್ತು ತರುವ ಆಳು ಫಾಸ್ಜೀನು. ಹೊಸ ವಿಧಾನದಲ್ಲಿ ಆ ಕೆಲಸವನ್ನು ಇಂಗಾಲಾಮ್ಲ ವಾಯುವಿಗೆ, ಅಂದರೆ ನಾವು ಉಸಿರು ಬಿಡುವ, ಸೋಡಾ ಬಾಟಲಿಯಲ್ಲಿ ಬುರುಗುಗುಟ್ಟುವ ಕಾರ್ಬನ್ ಡೈಆಕ್ಸೈಡಿಗೆ ಒಪ್ಪಿಸುತ್ತಾರೆ. ಬೇರೆ ಕಾರಖಾನೆಯ ಚಿಮಣಿಯಿಂದ ಸುಮ್ಮನೆ ಹೋಗುತ್ತಿದ್ದ ಈ ವಾಯುವನ್ನು ಹಿಡಿದು ತಂದು ಮೊದಲು ಎಥಿಲೀನ್ ಆಕ್ಸೈಡಿನೊಡನೆ ಕೂಡಿಸುತ್ತಾರೆ. ಬಂದುದನ್ನು ಮೆಥನಾಲಿನೊಡನೆ, ಅದರಿಂದ ಬಂದುದನ್ನು ಫಿನಾಲಿನೊಡನೆ, ಕೊನೆಗೆ ಬಿಸ್ಫಿನಾಲಿನೊಡನೆ ಕೂಡಿಸಿ ಕಾಯಿಸಿದರೆ ಪ್ಲಾಸ್ಟಿಕ್ ಸಿದ್ಧ. ನಡುವೆ ಬಳಸಿದ ಮೆಥನಾಲೂ ಫಿನಾಲೂ ಮತ್ತೆ ಹೊರಗೆ ಬರುತ್ತವೆ. ಅವನ್ನು ಹಿಂದಕ್ಕೆ ಕಳಿಸಿ ಪುನಃ ಬಳಸುತ್ತಾರೆ, ಬಾಣಲೆಯ ಎಣ್ಣೆಯನ್ನು ಸೋಸಿ ಮತ್ತೆ ಬಾಣಲೆಗೇ ಹಾಕಿದ ಹಾಗೆ. 1,000 ಟನ್ ಪ್ಲಾಸ್ಟಿಕ್ಕಿಗೆ 173 ಟನ್ ಇಂಗಾಲಾಮ್ಲ ವಾಯು ಒಳಗೆ ಸೇರುತ್ತದೆ. ಜೊತೆಗೆ ಹುಟ್ಟುವ ಎಥಿಲೀನ್ ಗ್ಲೈಕಾಲ್ ಕಸವಲ್ಲ; ಗಿರಣಿಯವರು ಬಲ್ಲ ಟೆರಿಲೀನ್ ನೂಲಿಗೆ ಅದೇ ಮೂಲವಸ್ತು. ಫಾಸ್ಜೀನ್ ಇಲ್ಲ, ಮೆಥಿಲೀನ್ ಕ್ಲೋರೈಡ್ ಇಲ್ಲ, ಉಪ್ಪು ನೀರಿನ ರಾಶಿ ಇಲ್ಲ.

ಇಷ್ಟು ಹೇಳಿದ ಮೇಲೆ ಮಾಲೀಕರ ಎರಡನೆಯ ಉತ್ತರ ಬರುತ್ತದೆ: ಹಾಗೆ ಮಾಡಿದರೆ ಖರ್ಚು ಹೆಚ್ಚು, ಕಾರಖಾನೆ ಮುಚ್ಚಬೇಕಾದೀತು, ನಿಮ್ಮ ಕೆಲಸ ಹೋದೀತು. ಈ ಮಾತು ನಮ್ಮ ಹೊಟ್ಟೆಗೆ ಬಡಿಯುತ್ತದೆ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೂಲಿಕಾರರು ಹೊರಬಿದ್ದರು. ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಮುಚ್ಚಿದ ಬಾಗಿಲು ಏನೆಂಬುದನ್ನು ಬಲ್ಲ ನಮಗೆ ಈ ಬೆದರಿಕೆ ಸಣ್ಣದಲ್ಲ. ಆದುದರಿಂದಲೇ ಅದನ್ನು ತೂಕ ಮಾಡಿ ನೋಡಬೇಕು.

ತೂಕ ಮಾಡುವುದಕ್ಕೆ ಒಂದು ಹಳೆಯ ಲೆಕ್ಕವಿದೆ. ನಮ್ಮ ನಳಿಗೆಗಳು, ಮೇಜುಹಾಸುಗಳು ಆಗುವ ಪಿವಿಸಿ ಪ್ಲಾಸ್ಟಿಕ್ಕಿಗೆ ವಿನೈಲ್ ಕ್ಲೋರೈಡ್ ಎಂಬ ವಾಯು ಬೇಕು. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್ ನಗರದಿಂದ ಒಂದು ಸುದ್ದಿ ಹೊರಬಿದ್ದಿತು: ಅಲ್ಲಿನ ಗುಡ್‌ರಿಚ್ ಕಾರಖಾನೆಯಲ್ಲಿ ಪಾತ್ರೆ ಉಜ್ಜುವ ಕೆಲಸದಲ್ಲಿದ್ದ ಕೂಲಿಕಾರರು ಯಕೃತ್ತಿನ ಅಪರೂಪದ ಕ್ಯಾನ್ಸರಿನಿಂದ ಒಬ್ಬರಾದ ಮೇಲೊಬ್ಬರು ಸತ್ತಿದ್ದಾರೆ. ಅದುವರೆಗೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 500 ಪಾಲು ಆ ವಾಯು ಇದ್ದರೆ ಅಡ್ಡಿಯಿಲ್ಲವೆಂದು ನಿಯಮವಿದ್ದಿತು. ಸರಕಾರ ಅದನ್ನು ಒಂದೇ ಒಂದು ಪಾಲಿಗೆ ಇಳಿಸಿತು. ಇದು ಅಸಾಧ್ಯ, ಕಾರಖಾನೆಗಳು ನಾಶವಾಗುತ್ತವೆ, ಲಕ್ಷಗಟ್ಟಲೆ ಜನ ಬೀದಿಪಾಲಾಗುತ್ತಾರೆ ಎಂದು ಕಂಪನಿಗಳು ಗೋಳಿಟ್ಟವು. ಆದುದೇನು? ಕೆಲವೇ ವರ್ಷಗಳಲ್ಲಿ ಪಾತ್ರೆಗಳನ್ನು ಮುಚ್ಚಿದರು, ಮನುಷ್ಯನನ್ನು ಒಳಗಿಳಿಸಿ ಉಜ್ಜಿಸುವುದನ್ನು ತಗ್ಗಿಸಿ ನೀರಿನ ಧಾರೆಯಿಂದ ತೊಳೆದರು, ಸೋರಿಹೋಗುತ್ತಿದ್ದ ವಾಯುವನ್ನು ಹಿಡಿದು ಮತ್ತೆ ಬಳಸಿದರು. ಪಿವಿಸಿ ಉದ್ಯಮ ಸಾಯಲಿಲ್ಲ, ಬೆಳೆಯಿತು. ಅಸಾಧ್ಯವೆಂಬುದು ಅನೇಕ ವೇಳೆ ಕಾಯಿದೆ ಬರುವ ತನಕ ಮಾತ್ರ ಅಸಾಧ್ಯ.

ಇಲ್ಲಿ ಓದುಗರನ್ನು ಮರುಳು ಮಾಡುವುದು ನಮಗೆ ಬೇಕಿಲ್ಲ. ಹೊಸ ವಿಧಾನದಿಂದ ಎಲ್ಲ ವಿಷವೂ ಹೋಯಿತೆಂದು ಹೇಳಿದರೆ ಅದು ಸುಳ್ಳಾದೀತು. ಎಥಿಲೀನ್ ಆಕ್ಸೈಡ್ ಬೇಗ ಹೊತ್ತಿಕೊಳ್ಳುವ, ಕ್ಯಾನ್ಸರ್ ತರಬಲ್ಲ ವಸ್ತು. ಅದಕ್ಕೂ ಎಚ್ಚರ ಬೇಕು. ಬಿಸ್ಫಿನಾಲ್-ಎ ಹೊಸ ವಿಧಾನದಲ್ಲೂ ಉಳಿಯುತ್ತದೆ. ಅದು ದೇಹದ ಗ್ರಂಥಿರಸಗಳ ಕೆಲಸವನ್ನು ಕೆಡಿಸುತ್ತದೆಂದು ನಮ್ಮ ದೇಶದಲ್ಲಿ 2015ರ ಮಾನಕದಿಂದ ಮಕ್ಕಳ ಹಾಲಿನ ಬಾಟಲಿಗೆ ಆ ಪ್ಲಾಸ್ಟಿಕ್ಕನ್ನು ತೆಗೆದುಹಾಕಿದರು. ಯುರೋಪಿನ ಒಕ್ಕೂಟವು 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ಮಾಡಿತು. ಹೋಟೆಲಿನ ಬಂಧುಗಳು ಇಷ್ಟನ್ನಾದರೂ ಪಾಲಿಸಬೇಕು: ಅಂಥ ಜಾಡಿಗೆ ಬಿಸಿನೀರು ಹಾಕಬೇಡಿರಿ, ಬಿಸಿಲಲ್ಲಿ ಸಾಲಾಗಿ ಇಡಬೇಡಿರಿ. ಹಾಸಿಗೆಯ ಫೋಮಿನ ರಸಾಯನವನ್ನಂತೂ ಇಂದಿಗೂ ಬಹುಮಟ್ಟಿಗೆ ಫಾಸ್ಜೀನಿನಿಂದಲೇ ಮಾಡುತ್ತಾರೆ. ಅಂಥಲ್ಲಿ ವಿಷವನ್ನು ತೊಟ್ಟಿಗಟ್ಟಲೆ ತುಂಬಿಡದೆ, ಆ ಗಳಿಗೆಗೆ ಬೇಕಾದಷ್ಟನ್ನೇ ಮಾಡಿ ಆಗಲೇ ಮುಗಿಸುವುದು ನಡುವಿನ ದಾರಿ. ಪೂರ್ಣವಾಗದು ಎಂದು ಅರ್ಧವನ್ನೂ ಬಿಡುವುದು ವಿವೇಕವಲ್ಲ.

ನಮ್ಮ ದೇಶಕ್ಕೆ ಈ ಪ್ರಶ್ನೆ ಇಂದೇ ಬೇಕಾದುದು. ಪಾಲಿಕಾರ್ಬೊನೇಟನ್ನು ನಾವು ಬಹುಕಾಲದಿಂದ ಹೆಚ್ಚಾಗಿ ಹೊರದೇಶಗಳಿಂದಲೇ ತರಿಸಿಕೊಂಡಿದ್ದೇವೆ. ಇಲ್ಲಿಯೇ ಮಾಡಬೇಕೆಂಬ ಮಾತು ಬಂದಾಗ ನಾವು ಬೇಡವೆನ್ನುವುದಿಲ್ಲ. ಕೆಲಸ ಬೇಕು, ಉದ್ಯಮ ಬೇಕು. ಆದರೆ ಯಾವ ದಾರಿಯಿಂದ ಮಾಡುತ್ತೀರಿ? ಅಡಿಪಾಯ ಹಾಕುವ ದಿನ ಕೇಳಿದರೆ ಈ ಪ್ರಶ್ನೆಗೆ ಬೆಲೆಯುಂಟು; ಚಿಮಣಿ ಎದ್ದ ಮೇಲೆ ಕೇಳಿದರೆ ಮುಖವಾಡವೊಂದೇ ಗತಿ. ಬೇರೆಯವರು ಬಿಟ್ಟ ಹಳೆಯ ಯಂತ್ರಗಳನ್ನು ಅಗ್ಗಕ್ಕೆ ಕೊಂಡು ತಂದು ನಮ್ಮವರ ಉಸಿರಿನಿಂದ ಆ ಅಗ್ಗದ ವ್ಯತ್ಯಾಸವನ್ನು ತುಂಬಿಸಬಾರದು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಅಪಾಯದ ರಸಾಯನದ ಹೊಸ ಕಾರಖಾನೆಗೆ ಅಪ್ಪಣೆ ಕೊಡುವ ಮೊದಲು, ವಿಷವಿಲ್ಲದ ವಿಧಾನ ಇದೆಯೇ, ಇದ್ದರೆ ಅದನ್ನೇಕೆ ಬಿಟ್ಟಿರಿ ಎಂದು ಸರಕಾರ ಮಾಲೀಕನಿಂದ ಬರೆಸಿಕೊಳ್ಳಬೇಕು. ಆ ಬರಹ ಕೂಲಿಕಾರರಿಗೂ ಸುತ್ತಲಿನ ವಸತಿಯವರಿಗೂ ಅವರ ಭಾಷೆಯಲ್ಲಿ ಸಿಗಬೇಕು. ಎಷ್ಟು ವಿಷವನ್ನು ಎಲ್ಲಿ ಸಂಗ್ರಹಿಸಿದ್ದಾರೆಂಬ ಲೆಕ್ಕ ಬಾಗಿಲಲ್ಲಿ ತೂಗಬೇಕು. ಗುತ್ತಿಗೆಯ ಕೂಲಿಕಾರನಿಗೂ ಕಾಯಮಿನವನಿಗೂ ಈ ಹಕ್ಕು ಒಂದೇ ಆಗಿರಬೇಕು. ಏಕೆಂದರೆ ವಾಯು ಹಾಜರಿ ಪುಸ್ತಕ ನೋಡಿ ಮೂಗಿಗೆ ಹೋಗುವುದಿಲ್ಲ.

ಇವುಗಳಲ್ಲಿ ಕೆಲವು ಹೊಸ ಬೇಡಿಕೆಗಳೂ ಅಲ್ಲ. ಭೋಪಾಲದ ಸಾವುಗಳ ಮೇಲೆ 1987ರಲ್ಲಿ ಕಾರಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯದ ವಿಷಯವನ್ನು ತಿಳಿಯುವ ಹಕ್ಕೂ, ಅಪಾಯ ಕಂಡಾಗ ಎಚ್ಚರಿಸುವ ಹಕ್ಕೂ ಕೂಲಿಕಾರನಿಗೆ ಬಂದವು. ಆ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿರುವ 2020ರ ಸಂಹಿತೆಯಲ್ಲಿಯೂ, ತನ್ನ ಸುರಕ್ಷತೆಯ ಮಾಹಿತಿಯನ್ನು ಮಾಲೀಕನಿಂದ ಕೇಳಿ ಪಡೆಯುವ ಹಕ್ಕು ದುಡಿಯುವವನಿಗೆ ಇದೆ. ಕೇಳದ ಹಕ್ಕು ಪೆಟ್ಟಿಗೆಯಲ್ಲಿಟ್ಟ ಕೊಡೆ. ಮಳೆಗೆ ಅದರಿಂದ ಪ್ರಯೋಜನವಿಲ್ಲ.

ಬಂಧುಗಳೇ, ಒಬ್ಬೊಬ್ಬನಾಗಿ ಕೇಳಿದವನನ್ನು ಮರುದಿನ ಬಾಗಿಲ ಹೊರಗೆ ನಿಲ್ಲಿಸುವುದು ಸುಲಭ. ಸಂಘವಾಗಿ ಕೇಳಿದಾಗ ಅಷ್ಟು ಸುಲಭವಲ್ಲ. ನಿಮ್ಮ ಕಾರಖಾನೆಯಲ್ಲಿ ಬಳಸುವ ರಸಾಯನಗಳ ಹೆಸರುಗಳನ್ನು ಪೀಪಾಯಿಯ ಮೇಲೆ ಕಂಡಂತೆ ಬರೆದು ಸಂಘಕ್ಕೆ ತಂದುಕೊಡಿರಿ. ಓದಲು ಬಾರದವನಿಗೆ ಓದಿದವನು ಬರೆದುಕೊಡಲಿ. ಅವುಗಳ ಗುಣದೋಷಗಳನ್ನು ತಿಳಿದವರಿಂದ ಕೇಳಿ ಕನ್ನಡದಲ್ಲಿ ಹೇಳಿಸುವ ಭಾರ ನಮ್ಮದು. ಕೂಲಿ ಹೆಚ್ಚಿಸಿರಿ ಎಂದು ಕೇಳಲು ನಾವು ಕಲಿತೆವು, ಬೋನಸ್ ಕೇಳಲು ಕಲಿತೆವು. ಇನ್ನು, ಈ ಪಾತ್ರೆಯಲ್ಲಿ ಏನಿದೆ, ಅದಿಲ್ಲದೆ ಆಗುವುದಿಲ್ಲವೇ ಎಂದು ಕೇಳಲು ಕಲಿಯಬೇಕು. ದುಡಿದು ಮನೆಗೆ ಕೂಲಿ ತರುವವನು ತನ್ನ ಎದೆಯಲ್ಲಿ ವಿಷ ತರಬಾರದು.